ಜಾಡು ಬಿಡದೆ ಬಂದವರು

ಕೋವಿಡ್ ತಣ್ಣಗಾಗಿ ಪಾರ್ಕುಗಳು ಮತ್ತೆ ತುಂಬತೊಡಗಿದ್ದ ವರ್ಷ. ಪ್ಲಿಮತ್ ಬಳಿಯ ಪಾರ್ಕೊಂದರಲ್ಲಿ ನಾನು ಟ್ರೇಲ್ ಗ್ರೂಮರ್, ಅಂದರೆ ಹಿಮದ ದಾರಿ ಸಜ್ಜು ಮಾಡುವವನು, ಆಗಿದ್ದೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ನಮಗೇ ಚಳಿಗಾಲದಲ್ಲಿ ಈ ಕೆಲಸ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಹಿಂದೆ ಭಾರದ ಉಪಕರಣ ಕಟ್ಟಿಕೊಂಡು ಹಿಮವನ್ನು ಒತ್ತಿ ಸಮ ಮಾಡಬೇಕು, ಅಂಚಿನಲ್ಲಿ ರೈಲು ಹಳಿಯಂತೆ ಎರಡು ಜಾಡು ಕೊರೆಯಬೇಕು. ಕ್ರಾಸ್ ಕಂಟ್ರಿ ಸ್ಕೀ ಮಾಡುವವರು ಆ ಜಾಡಿನಲ್ಲಿ ಕಾಲಿಟ್ಟು ಜಾರುತ್ತಾ ಹೋಗುತ್ತಾರೆ.

ಆ ಶನಿವಾರ ಬೆಳಿಗ್ಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಮೈನಸ್ ಏಳು; ಮೇಲೆ ಹೊಸ ಹಿಮ. ಪಾರ್ಕಿನ ವೆಬ್‌ಸೈಟಿನಲ್ಲಿ ಟ್ರೇಲ್ ಸ್ಥಿತಿ 'ಉತ್ತಮ' ಎಂದು ಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ಹವಾಮಾನ ಇಲಾಖೆಯ ಎಚ್ಚರಿಕೆ ಬಂತು: ಸಂಜೆ ಫ್ರೀಜಿಂಗ್ ರೇನ್, ಅಂದರೆ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ. ಜಾಡಿನಲ್ಲಿ ನೀರು ನಿಂತು ಗಾಜಿನಂತಾದರೆ ಮರುದಿನ ಯಂತ್ರಕ್ಕೂ ಬಗ್ಗುವುದಿಲ್ಲ. ಮಳೆಗೆ ಮುಂಚೆ ಜಾಡು ಅಳಿಸಲೇಬೇಕಿತ್ತು. ಟ್ರೇಲ್ ಮುಚ್ಚಿದೆ ಎಂಬ ಬೋರ್ಡ್ ಹಾಕಿ, ಯಾರಾದರೂ ಉಳಿದಿದ್ದರೆ ಎದುರಿಗೇ ಸಿಗಲಿ ಎಂದು ಕೊನೆಯ ತುದಿಯಿಂದ ಹೊರಟೆ.

ಕತ್ತಲಾಗುವ ಹೊತ್ತಿಗೆ, ಪೈನ್ ಮರಗಳ ತಿರುವಿನಲ್ಲಿ ಹೆಡ್‌ಲೈಟಿಗೆ ಒಬ್ಬ ಹೆಂಗಸು ಕಂಡರು. ಜಾಡಿನ ಮಧ್ಯೆಯೇ ನಿಂತು ಎರಡೂ ಸ್ಕೀ ಕೋಲುಗಳನ್ನು ಮೇಲೆತ್ತಿದ್ದರು. ಎದೆಯ ಮೇಲಿನ ಕಿತ್ತಳೆ ಬಟ್ಟೆಯಲ್ಲಿ 'ಬ್ಲೈಂಡ್ ಸ್ಕೀಯರ್' ಎಂದಿತ್ತು. ಗಕ್ಕನೆ ಎಂಜಿನ್ ಆರಿಸಿದೆ. ಅವರು ಇಂಗ್ಲಿಷಿನಲ್ಲಿ, ತಮ್ಮ ಗಂಡ ಗಿರೀಶ್ ಹಿಂದೆ ಬಿದ್ದಿದ್ದಾರೆಂದು ಕೂಗಿದರು. ಆ ಉಚ್ಚಾರ ನನಗೆ ಗುರುತಿನದು.

"ಕನ್ನಡದವರಾ?" ಎಂದೆ.

"ಅಯ್ಯೋ, ಹೌದು ಸರ್! ಇಳಿಜಾರಲ್ಲಿ ಬಿದ್ರು. ಕಾಲು ಊರೋಕೆ ಆಗ್ತಿಲ್ಲ. ಅವರ ಫೋನ್ ಒಡೆದೋಯ್ತು, ನಂದು ಕಾರಲ್ಲಿದೆ."

ಅವರು ಪಕ್ಕದ ಊರು ಕ್ಯಾಂಟನ್‌ನ ವಸುಧಾ. ಗಂಡ ಮುಂದೆ ಹೋಗುತ್ತಾ ದಾರಿ ಹೇಳುವುದು, ಇವರು ಆ ದನಿ ಹಿಡಿದು ಹಿಂಬಾಲಿಸುವುದು ಅವರ ರೂಢಿ. ಈಗ ಆ ದನಿಯೂ ಇಲ್ಲದೆ ಅರ್ಧ ಮೈಲಿಗೂ ಹೆಚ್ಚು ಬಂದಿದ್ದರು.

"ಒಬ್ಬರೇ ಹೇಗೆ ಬಂದ್ರಿ?"

"ಟ್ರ್ಯಾಕಿಂದ ಕಾಲು ಆಚೆ ಇಡ್ಲಿಲ್ಲ ಸರ್, ಅಷ್ಟೇ. ಬೇಗ ಹೋಗೋಣ."

ರೇಡಿಯೋದಲ್ಲಿ ಸಹೋದ್ಯೋಗಿ ಮಾರ್ಕ್‌ಗೆ ಗಾಯಾಳುವನ್ನು ಎಳೆದೊಯ್ಯುವ ರೆಸ್ಕ್ಯೂ ಸ್ಲೆಡ್ ತರಲು ಹೇಳಿ, ಆಂಬುಲೆನ್ಸ್ ಕರೆಸಿದೆ. ಉಪಕರಣ ಕಳಚಿ, ವಸುಧಾ ಅವರನ್ನು ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಅವರು ನನ್ನ ಜಾಕೆಟ್ ಬಿಗಿಯಾಗಿ ಹಿಡಿದಿದ್ದರು.

ಗಿರೀಶ್ ಇಳಿಜಾರಿನ ಕೆಳಗೆ ಮರಕ್ಕೊರಗಿ ನಡುಗುತ್ತಿದ್ದರು. ಬೆಳಕು ಕಂಡದ್ದೇ ತಡ, "ವೈಫ್! ಮೈ ವೈಫ್! ಅವಳು ಸಿಕ್ಕಿದ್ಲಾ?" ಎಂದು ಯಾವ ಭಾಷೆ ಎನ್ನುವುದೂ ಮರೆತು ಕಿರುಚಿದರು.

"ಇಲ್ಲೇ ಇದೀನಿ ಕಣ್ರೀ" ಎಂದರು ವಸುಧಾ.

ಆ ಮನುಷ್ಯ ಎರಡೂ ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಮಾರ್ಕ್ ತಂದ ಸ್ಲೆಡ್ಡಿನಲ್ಲಿ ಅವರನ್ನು ಹೊರಗೆ ತಂದು, ಆಂಬುಲೆನ್ಸ್ ಹೊರಟ ಮೇಲೆ ಮಳೆ ಶುರುವಾಯಿತು. ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಕಣಕಾಲಿನ ಮೂಳೆ ಮುರಿದಿದೆ ಎಂದರು, ಚಳಿಯಿಂದ ಬೇರೇನೂ ಕೆಟ್ಟದ್ದಾಗಿರಲಿಲ್ಲ. ಮುಂದಿನ ವಾರ ವಸುಧಾ ಫೋನ್ ಮಾಡಿ, "ಆಪರೇಷನ್ ಚೆನ್ನಾಗಾಯ್ತು ಸರ್. ಈಗ ಮನೇಲಿ ಅವರಿಗೆ ನಾನೇ ಗೈಡ್" ಎಂದು ನಕ್ಕಾಗಲೇ ನನ್ನ ಎದೆ ಹಗುರವಾದದ್ದು.

ಅಂದಿನಿಂದ ಜಾಡು ಅಳಿಸಲು ಹೋದಾಗಲೆಲ್ಲ ಪ್ರತಿ ತಿರುವಿನಲ್ಲೂ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಸ್ವಲ್ಪ ಹೊತ್ತು ಕಿವಿಗೊಡುತ್ತೇನೆ. ಸಾಮಾನ್ಯವಾಗಿ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಜಾಡಿನಲ್ಲಿ ಯಾರೂ ಇಲ್ಲವೆಂದು ಖಾತರಿಯಾದ ಮೇಲೆಯೇ ಉಪಕರಣವನ್ನು ಹಿಮಕ್ಕೆ ಇಳಿಸುವುದು.