ತುಂಬಿಸಿಟ್ಟ ಬ್ಯಾಟರಿ

ಮೊನ್ನೆ ಹಳೆಯ ಮೊಬೈಲ್ ತೆಗೆದಾಗ ಅದರ ಬೆನ್ನು ಉಬ್ಬಿತ್ತು, ಉಗುರುಬಣ್ಣದಂಥ ಸಿಹಿ ವಾಸನೆ. ಅಂಗಳಕ್ಕೆ ಒಯ್ದು ಬರಿಯ ಕಲ್ಲಿನ ಮೇಲಿಟ್ಟು ದೂರ ನಿಂತೆ. ಮನೆಯವರು ನಕ್ಕರು. ಅವರು ಆ ಹೊಗೆ ಕಂಡವರಲ್ಲ...

ಎರಡು ಸಾವಿರದ ಇಸವಿಯ ನಂತರದ ವರ್ಷಗಳು. ನಾನು ಕಾಲೇಜು ಮುಗಿಸಿ ನಂಜನಗೂಡಿನ ಮನೆಯಲ್ಲಿದ್ದೆ. ಪಕ್ಕದ ಮನೆಯ ಮಾವನಿಗೆ ಜವಳಿ ಅಂಗಡಿ. ಭಾನುವಾರ ಬಂದರೆ ಕಪಿಲೆಯ ದಡದ ಬಯಲಿನಲ್ಲಿ ರಿಮೋಟಿನ ಪುಟ್ಟ ವಿಮಾನ ಹಾರಿಸುವ ಹುಚ್ಚು. ಅದರ ಲಿಥಿಯಂ ಪಾಲಿಮರ್ ಬ್ಯಾಟರಿಗಳನ್ನು ಬಳಸದಾಗ ಅರ್ಧ ಚಾರ್ಜಿನಲ್ಲೇ ಇಡಬೇಕು, ಪೆಟ್ಟು ತಿಂದದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು ಎಂಬುದು ಅವರಿಗೆ ಗೊತ್ತಿತ್ತು.

ಆಯುಧಪೂಜೆ ಬಂತು. ಅಂಗಡಿಯ ಕತ್ತರಿ, ಸ್ಕೂಟರಿನ ಕೀಲಿಯ ಜೊತೆ ವಿಮಾನವೂ ಬ್ಯಾಟರಿಗಳೂ ದೇವರ ಮುಂದೆ ಕೂರಬೇಕಿತ್ತು. ಮಾವನ ಹೆಂಡತಿ, ನಮ್ಮ ಅತ್ತೆ, ತಡೆದರು.

"ಅರೆಬರೆ ಇರೋದ್ನ ದೇವ್ರ ಮುಂದೆ ಇಡ್ತಾರೇನ್ರೀ? ತುಂಬ್ಸಿ ಇಡಿ."

ಮಾವ ಎಲ್ಲವನ್ನೂ ಪೂರ್ತಿ ಚಾರ್ಜ್ ಮಾಡಿದರು, ಹಿಂದಿನ ಭಾನುವಾರ ವಿಮಾನ ಗದ್ದೆಗೆ ಬಿದ್ದು ಮೂಲೆ ಜಜ್ಜಿಹೋಗಿದ್ದ ಒಂದನ್ನೂ ಸೇರಿಸಿ.

ಮಧ್ಯಾಹ್ನ ಪ್ರಸಾದಕ್ಕೆ ಹೋದೆ. ಕುಂಕುಮದ ಬೊಟ್ಟಿನ ಕೆಳಗೆ ಆ ಬ್ಯಾಟರಿ ಪೂರಿಯಂತೆ ಊದಿತ್ತು. ಪಕ್ಕದಲ್ಲೇ ಅತ್ತೆ ಗೋಡೆಗೊರಗಿ ತೂಕಡಿಸುತ್ತಿದ್ದರು, ರೇಷ್ಮೆ ಸೆರಗು ನೆಲದ ಮೇಲೆ ಹರಡಿತ್ತು.

"ಮಾವಾ, ಅದನ್ನ ಆಚೆ ಇಡಿ."

"ಪೂಜೆಗಿಟ್ಟಿದ್ನ ಇವತ್ತು ಕದಲಿಸಂಗಿಲ್ಲ ಕಣವ್ವಾ. ಕದಲಿಸಿದ್ರೆ ನಿಮ್ಮತ್ತೆ ನನ್ನೇ ಆಚೆ ಇಡ್ತಾಳೆ!"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಸುಯ್ಯೆಂಬ ಸದ್ದು, ಬಿಳಿ ಹೊಗೆ, ಬೆನ್ನಿಗೇ ಬೆಂಕಿ. ಕಿಡಿ ಸೆರಗಿನತ್ತ ಸಿಡಿಯುವಾಗ ಮಾವ ಉರಿಯುತ್ತಿದ್ದ ಅದನ್ನು ಬರಿಗೈಯಲ್ಲೇ ಬಾಚಿಕೊಂಡು ಅಂಗಳಕ್ಕೆ ಓಡಿದರು. ನಾನು ಅತ್ತೆಯನ್ನು ಎಳೆದೆ. ಇಂದಿಗೂ ಕಣ್ಣು ಮುಚ್ಚಿದರೆ ಎಳೆಯುತ್ತಲೇ ಇರುತ್ತೇನೆ...

ಅತ್ತೆಗೆ ಏನೂ ಆಗಲಿಲ್ಲ. ಮಾವನ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ.

ಆಮೇಲೆ ಚಾರ್ಜಿಂಗ್ ಅಂಗಳಕ್ಕೆ ಬಂತು. ಮರಳು ತುಂಬಿದ ಮಣ್ಣಿನ ಬಾನಿಯಲ್ಲಿ ಒಂದೊಂದೇ ಬ್ಯಾಟರಿ. ಮುಗಿಯುವ ತನಕ ಗಂಡ ಹೆಂಡತಿ ಇಬ್ಬರೂ ಕೂತು ಕಾಯುತ್ತಿದ್ದರು. ಮರುವರ್ಷದ ಪೂಜೆಗೆ ಅವು ಅರ್ಧ ಚಾರ್ಜಿನಲ್ಲೇ ಕೂತವು. ಅತ್ತೆಯದೇ ಅಪ್ಪಣೆ.

ಹಾರಿಸುವುದನ್ನೂ ಬಿಡಲಿಲ್ಲ. ರಿಮೋಟಿನಲ್ಲಿ ಒಂದೊಂದು ಕೈಗೆ ಒಂದೊಂದರಂತೆ ಎರಡು ಕಡ್ಡಿ; ಎಡಗಡೆಯದು ಮಾವನಿಗೆ, ಬಲಗಡೆಯದು ಅತ್ತೆಗೆ.

"ಮೇಲಕ್ಕೆ ಅಂದ್ನಲ್ಲೇ!"

"ಅರಚ್ಬ್ಯಾಡಿ, ನಂಗೂ ಕಣ್ಣವೆ!"

ಬಯಲು ತುಂಬ ಜಗಳ. ವಿಮಾನ ಮಾತ್ರ ತನ್ನ ಪಾಡಿಗೆ ಹೊಳೆಯ ಮೇಲೆ ತಿರುಗುತ್ತಿತ್ತು.

ಈಗ ಮಾವ ಇಲ್ಲ. ನಿನ್ನೆ ಅತ್ತೆಗೆ ಫೋನ್ ಮಾಡಿ, ವಿಮಾನ ಇನ್ನೂ ಇದೆಯಾ ಎಂದು ಕೇಳಿದೆ.

"ಐತೆ ಕಣವ್ವಾ," ಎಂದರು. "ಒಂದೇ ಕಡ್ಡಿ ಹಿಡ್ಕೊಂಡು ಹೆಂಗ್ ಹಾರಿಸ್ಲಿ?"