ಬೆಡಗಿಗೆ ಸೇರಿದ ನಾಯಿ

ನಮ್ಮಜ್ಜಿ ಯರ್ರಮ್ಮ ಯಾರಿಗೂ ಹೆದರಿದವಳಲ್ಲ ಎಂದು ನಮ್ಮ ಮನೆಯಲ್ಲಿ ಜಂಬ ಕೊಚ್ಚಿಕೊಳ್ಳುವುದುಂಟು. ಶುದ್ಧ ಸುಳ್ಳು. ಹೆದರುತ್ತಿದ್ದಳು, ಚೆನ್ನಾಗಿಯೇ ಹೆದರುತ್ತಿದ್ದಳು. ಹೆದರಿಕೊಂಡೇ ವಾದ ಮಾಡುತ್ತಿದ್ದಳು. ವಾದದಲ್ಲಿ ಗೆಲ್ಲುತ್ತಲೂ ಇದ್ದಳು. ಗೆದ್ದು ಏನು ಕಳೆದುಕೊಂಡಳು ಎಂಬುದನ್ನು ಮಾತ್ರ ನಮ್ಮವರು ಬಾಯಿ ಬಿಡುವುದಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿ ಬಂದಿದೆ.

ಅವಳು ಹುಟ್ಟಿದ್ದು ದೊಡ್ಡಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿಗಿದ್ದ ಒಂದು ಮ್ಯಾಸಬೇಡರ ಹಟ್ಟಿಯಲ್ಲಿ, ನಮ್ಮ ಸೀಮೆಗೆ ಪ್ಲೇಗು ಬಂದು ಹೋದ ಆಸುಪಾಸಿನಲ್ಲಿ. ಸುತ್ತ ಮುಳ್ಳುಬೇಲಿ, ಒಳಗೆ ಗುಡಿಸಲುಗಳು, ನಡುವೆ ದೇವರಿಗೆ ಬಿಟ್ಟ ದನಗಳ ದೊಡ್ಡಿ, ಅದೇ ರೊಪ್ಪ. ಹಟ್ಟಿಯ ಗಂಡಸರೆಲ್ಲ ಒಂದೇ ಬೆಡಗಿನವರು, ಅಂದರೆ ಒಬ್ಬನೇ ಮೂಲಪುರುಷನ ವಂಶದವರು. ಅವಳ ಅಪ್ಪ ತಿಪ್ಪಯ್ಯ ದೇವರ ದನ ಕಾಯುತ್ತಿದ್ದ. ಕಾವಲಿನಲ್ಲಿ ತೋಳಗಳ ಕಾಟ. ಅದಕ್ಕೆಂದೇ ಒಂದು ನಾಯಿಮರಿ ತಂದು ಸಾಕಿದ. ಬೂದಿ ಬಣ್ಣದ್ದು, ಹೆಸರೂ ಬೂದ. ಆಗ ಯರ್ರಮ್ಮನಿಗೆ ಮೂರೋ ನಾಲ್ಕೋ ವರ್ಷ.

ನಾಯಿ ತಂದಿದ್ದು ದನಕ್ಕೆ, ಆದರೆ ಅದು ಸೇರಿಕೊಂಡಿದ್ದು ಕೂಸಿಗೆ. ಮುದ್ದೆಯಲ್ಲಿ ಅರ್ಧ ಅವಳಿಗೆ, ಅರ್ಧ ಅದಕ್ಕೆ. ಇಬ್ಬರಿಗೂ ಒಂದೇ ಕಂಬಳಿ. ಅವ್ವ ಸೂರಮ್ಮ ಕೋಲು ಎತ್ತಿದರೆ ಬೂದ ನಡುವೆ ಬಂದು ನಿಲ್ಲುತ್ತಿತ್ತು, ಏಟೂ ತಿನ್ನುತ್ತಿತ್ತು. ಬೈಗುಳದಲ್ಲೂ ಇಬ್ಬರಿಗೂ ಸಮಪಾಲು ಸಿಗುತ್ತಿತ್ತು.

ಇನ್ನು ಕೋಳಿಯ ವಿಚಾರ. ನಮ್ಮ ಮ್ಯಾಸರಿಗೆ ಕೋಳಿ ಆಗದು. ತಿನ್ನುವುದು ಅತ್ತಲಾಗಿರಲಿ, ಮುಟ್ಟುವುದೂ ಇಲ್ಲ, ಸಾಕುವುದೂ ಇಲ್ಲ, ಅದರ ಕೂಗು ಹಟ್ಟಿಯೊಳಗೆ ಕೇಳಲೂ ಬಾರದು. ಯಾಕೆಂದು ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಬೂದನಿಗೆ ಮಾತ್ರ ಯಾರೂ ಯಾವ ಕಥೆಯನ್ನೂ ಹೇಳಿರಲಿಲ್ಲ.

ಯರ್ರಮ್ಮನಿಗೆ ಏಳೆಂಟು ವರ್ಷವಿದ್ದಾಗ ಕಾವಲು ನೋಡಲು ಯಾರೋ ಸರ್ಕಾರದ ಸಾಹೇಬರು ಬಂದು ಹುಲ್ಲಿನ ನಡುವೆ ಡೇರೆ ಹಾಕಿದರು. ಸಾಹೇಬರ ಅಡಿಗೆಯವನ ಹತ್ತಿರ ಬುಟ್ಟಿ ತುಂಬ ಕೋಳಿಗಳಿದ್ದವು. ಬೂದ ಅದರಲ್ಲೊಂದನ್ನು ಕಚ್ಚಿಕೊಂಡು, ಹಲ್ಲು ನಾಟದ ಹಾಗೆ ಜೋಪಾನವಾಗಿ ಹೊತ್ತು ತಂದು, ರೊಪ್ಪದ ಬಾಗಿಲಲ್ಲಿ ಕೂತಿದ್ದ ಯರ್ರಮ್ಮನ ಕಾಲಬುಡದಲ್ಲಿ ಇಟ್ಟಿತು. ತನ್ನ ಜನ್ಮದಲ್ಲಿ ಅದು ಯಾರಿಗಾದರೂ ಕೊಟ್ಟ ದೊಡ್ಡ ಉಡುಗೊರೆ ಅದೇ. ಜೀವವಿದ್ದ ಕೋಳಿ ಎದ್ದು ಮೈ ಕೊಡವಿ ಸೀದಾ ದೇವರ ದನಗಳ ನಡುವೆ ನುಗ್ಗಿತು.

ಚಿರತೆಯನ್ನು ಕೋಲಿನಲ್ಲಿ ಹೊಡೆದೋಡಿಸಿದೆವು ಎಂದು ಮೀಸೆ ತಿರುವುವ ಗಂಡಸರು ಅವತ್ತು ಒಂದು ಹ್ಯಾಟೆಕೋಳಿಯ ಮುಂದೆ ದಿಕ್ಕಾಪಾಲಾದರು. ಹಿಡಿಯೋಣವೆಂದರೆ ಮುಟ್ಟುವ ಹಾಗಿಲ್ಲ. ಕಲ್ಲು ಹೊಡೆಯೋಣವೆಂದರೆ ದೇವರ ಎತ್ತಿಗೆ ತಗಲುತ್ತದೆ. ಹಟ್ಟಿಯ ಯಜಮಾನ ದೊಡ್ಡಪಾಲಯ್ಯ ತಲೆಯ ರುಮಾಲು ಬಿಚ್ಚಿ ಮೂಗಿಗೆ ಹಿಡಿದುಕೊಂಡು ನಿಂತಿದ್ದ.

"ಯಾರಾದ್ರೂ ಅದನ್ನ ಆಚಿಗೆ ಹಾಕ್ರೋ" ಅಂದ.

"ಮುಟ್ಟೋರು ಯಾರು, ಹೇಳ್ರಿ ಯಜಮಾನ್ರೇ?" ಅಂದ ತಿಪ್ಪಯ್ಯ. "ಈಗಾಗ್ಲೇ ಮುಟ್ಟಿರೋದು ಬೂದ ಒಂದೇ."

ಆ ಮಾತು ಎಲ್ಲರಿಗೂ ಸರಿಕಂಡಿತು. ಯಜಮಾನನೇ ಯರ್ರಮ್ಮನಿಗೆ, "ಕೂಸೇ, ನಿನ್ನ ನಾಯಿಗೆ ಹೇಳು" ಅಂದ. ಅವಳು ಹೇಳಿದಳು. ಬೂದ ಒಳಗೆ ಹೋಗಿ, ಒಂದು ದನಕ್ಕೂ ಗಾಬರಿಯಾಗದಂತೆ ಕೋಳಿಯನ್ನು ಹಿಡಿದು, ಬೇಲಿಯಾಚೆ ಬಿಟ್ಟು, ಬಾಲ ಆಡಿಸುತ್ತಾ ವಾಪಸ್ಸು ಬಂತು. ಇಡೀ ಹಟ್ಟಿ ಉಸಿರುಬಿಟ್ಟಿತು. ಆಮೇಲೆ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತು, ಎರಡೆರಡು ಸಲ ಕೋಳಿ ಮುಟ್ಟಿದ ತಪ್ಪಿಗೆ ಬೂದನನ್ನು ಹಟ್ಟಿಯಿಂದ ಹೊರಗೆ ಹಾಕಿದರು.

"ನಾಯಿ ಬೇಲಿ ಒಳಕ್ಕೆ ಬರಂಗಿಲ್ಲ. ಅದಕ್ಕೆ ಕೂಳು ಹಾಕಿದೋರೂ ಬರಂಗಿಲ್ಲ" ಎಂದು ದೊಡ್ಡಪಾಲಯ್ಯ ತೀರ್ಪು ಕೊಟ್ಟ. ಉಪಕಾರಕ್ಕೆ ಇಷ್ಟು ಬೇಗ ಪ್ರತಿಫಲ ಕೊಟ್ಟಿದ್ದನ್ನು ನಾನಂತೂ ಇನ್ನೆಲ್ಲೂ ಕೇಳಿಲ್ಲ.

ಮರುದಿನ ಬೆಳಿಗ್ಗೆ ಯರ್ರಮ್ಮ ತನ್ನ ಪಾಲಿನ ಮುದ್ದೆ ಹಿಡಿದುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೆಯೇ ಬೇಲಿ ದಾಟಿ, ಅರ್ಧ ಮುರಿದು ಬೂದನಿಗೆ ಕೊಟ್ಟಳು. ತೀರ್ಪಿನ ಪ್ರಕಾರ ಅವಳೂ ಹೊರಗಾದಳು. ಒಂದು ಜಾಲಿಮರದ ಬುಡದಲ್ಲಿ ಇಬ್ಬರೂ ಕೂತರು. ಸೂರಮ್ಮ ಬೇಲಿಯ ಮೇಲಿಂದ ಮಗಳಿಗೆ ಮುದ್ದೆ ಎಸೆಯುತ್ತಿದ್ದಳು. ಯಾರಾದರೂ ಕೇಳಿದರೆ, "ನಾನು ಹಾಕಿಲ್ಲ, ಕೈಜಾರಿ ಬಿತ್ತು" ಅನ್ನುತ್ತಿದ್ದಳು. ನಮ್ಮಜ್ಜಿಗೆ ವಾದ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ನಾಯಿ ಹೊರಗಿದೆಯೆಂಬುದು ಮನುಷ್ಯರಿಗಿಂತ ಮೊದಲು ತೋಳಗಳಿಗೆ ತಿಳಿಯಿತು. ಅವು ರೊಪ್ಪದ ಹಿಂದಿನಿಂದ ನುಗ್ಗಿ ದೇವರ ಹಸುವಿನ ಕರುವನ್ನೇ ಎಳೆದುಕೊಂಡು ಹೋದವು. ದೊಡ್ಡಪಾಲಯ್ಯ ಈಗ ಪೇಚಿಗೆ ಸಿಕ್ಕಿಕೊಂಡ. ನಾಯಿ ಬೇಕು, ತೀರ್ಪೂ ಉಳಿಯಬೇಕು. ಬೇಲಿಯ ಹತ್ತಿರ ಬಂದು ನಿಂತ.

"ಕೂಸೇ, ಸಾಕು, ಒಳಕ್ಕೆ ಬಾರೆ."

"ಬೂದ?"

"ಅದು ಬರಕ್ಕಾಗಲ್ಲ. ಕೋಳಿ ಮುಟ್ಟೈತೆ."

"ತಾತ, ಕಾಮಣ್ಣ ಚಿಕ್ಕಪ್ಪ ಬಳ್ಳಾರಿಗೆ ಹೋಗಿ ಕೋಳಿ ತಿಂದ್ಕಂಡೇ ಬಂದಿದ್ದ. ಅವನ ನಾಲಿಗೆ ಸುಟ್ಟು ಒಳಕ್ಕೆ ಕರ್ಕಂಡ್ರಿ. ಬೂದ ತಿಂದೇ ಇಲ್ಲ."

ಅದು ನಿಜ. ಎಕ್ಕದ ಕಡ್ಡಿ ಕಾಯಿಸಿ, ನಾಲಿಗೆಗೆ ತಾಗಿಯೂ ತಾಗದಂತೆ ಮುಟ್ಟಿಸಿ, ತಪ್ಪು ಮಾಡಿದವನನ್ನು ಮತ್ತೆ ಕುಲಕ್ಕೆ ಸೇರಿಸಿಕೊಳ್ಳುವ ಪದ್ಧತಿ ಇತ್ತು.

"ಅದು ಬೆಡಗು ಇದ್ದೋರಿಗೆ ಮಾಡೋದು ಕಣೆ. ನಾಯಿಗೆ ಎಲ್ಲಿ ಬೆಡಗು?"

"ನಮ್ದೇ ಬೆಡಗು. ದೇವರ ದನ ಕಾಯ್ತೈತೆ, ನಮ್ಮನೆ ಮುದ್ದೆ ತಿಂತೈತೆ." ಅವಳಿಗೆ ಅಳು ಒತ್ತರಿಸಿ ಬಂದಿತ್ತು, ಆದರೂ ಮಾತು ನಿಲ್ಲಿಸಲಿಲ್ಲ. "ಬೂದ ನಾಯಿ ಅಲ್ಲ ತಾತ. ನಮ್ಮೋನು."

ದೊಡ್ಡಪಾಲಯ್ಯ ಬಹಳ ಹೊತ್ತು ಕರು ಹೋದ ದಿಕ್ಕಿಗೆ ನೋಡಿದ. ಹಿಂದಕ್ಕೆ ತಿರುಗಿ, "ಏನ್ಲೇ ತಿಪ್ಪಯ್ಯ, ಹೌದಾ?" ಅಂದ. ತಿಪ್ಪಯ್ಯ ನೆಲ ನೋಡುತ್ತಾ, "ಹೂಂ ಅನ್ರಿ ಯಜಮಾನ್ರೇ, ರೊಪ್ಪದಾಗೆ ಕರುಗ್ಳು ಇನ್ನೂ ಅದಾವೆ" ಅಂದ. ಬೆಡಗಿನ ಹಿರಿಯರು ಮತ್ತೆ ಸೇರಿದರು. ಬೂದನನ್ನು ತಿಪ್ಪಯ್ಯನ ಮನೆಯ ಗಂಡುಸಂತಾನ ಎಂದು ಬೆಡಗಿಗೆ ಸೇರಿಸಿಕೊಂಡರು. ಕುಲಸ್ಥನನ್ನು ಬೋಳು ಹೆಸರಿನಿಂದ ಕರೆಯಬಾರದೆಂದು ಬೂದಯ್ಯ ಎಂದು ಹೆಸರಿಟ್ಟರು. ನಾಲಿಗೆ ಸುಡುವ ಶಾಸ್ತ್ರ ಅಷ್ಟು ಸಲೀಸಾಗಿ ಆ ಹಟ್ಟಿಯಲ್ಲಿ ಯಾವತ್ತೂ ನಡೆದಿರಲಿಲ್ಲವಂತೆ. ಕಾಮಣ್ಣನ ಬಾಯಿ ತೆಗೆಸಲು ನಾಲ್ಕು ಜನ ಬೇಕಾಗಿತ್ತು, ಬೂದಯ್ಯ ತಾನಾಗಿಯೇ ನಾಲಿಗೆ ಚಾಚಿಕೊಂಡು ಕೂತಿದ್ದ. ಶಾಸ್ತ್ರ ಮುಗಿಯುತ್ತಿದ್ದಂತೆ ಯಜಮಾನನ ಕೈಯನ್ನೂ ನೆಕ್ಕಿದ.

ಹೀಗೆ ಯರ್ರಮ್ಮ ಗೆದ್ದಳು. ಐದಾರು ವರ್ಷ ಗೆದ್ದೇ ಇದ್ದಳು. ಆಮೇಲೆ ಆ ಕಾಲದ ರೂಢಿಯಂತೆ, ಇನ್ನೂ ಲಂಗದ ಹುಡುಗಿಯಾಗಿದ್ದಾಗಲೇ ಅವಳನ್ನು ಮೊಳಕಾಲ್ಮೂರು ಕಡೆಯ ಹಟ್ಟಿಯೊಂದರ ಗಾದ್ರಪ್ಪನಿಗೆ ಕೊಟ್ಟರು. ಬೇರೆ ಹಟ್ಟಿ, ಅರ್ಧ ತೆಲುಗು ಮಾತು, ಒಂದು ಮುಖವೂ ಗುರುತಿನದಲ್ಲ. ಬಳುವಳಿಯಾಗಿ ಒಂದು ಹಸು ಕೊಡುವುದು ಪದ್ಧತಿ. ಯರ್ರಮ್ಮ ಹಸು ಬೇಡ, ಬೂದಯ್ಯನನ್ನು ಕೊಡಿ ಎಂದಳು. ತಿಪ್ಪಯ್ಯ ಒಪ್ಪಿದ. ದೊಡ್ಡಪಾಲಯ್ಯ ಒಪ್ಪಲಿಲ್ಲ.

"ಕುಲದೋನ್ನ ಬಳುವಳಿ ಕೊಡಕ್ಕೆ ಬರ್ತೈತೇನೆ? ಅವನೇನು ದನವಾ?"

"ತಾತ, ಅದು ನಾಯಿ."

"ಅಲ್ಲ ಅಂತ ನೀನೇ ಅಂದಿದ್ದು, ಕೂಸೇ."

ಅವನು ಹೇಳಿದ್ದು ಹಟಕ್ಕಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಮುದುಕ ನಿಜವಾಗಿಯೂ ನಂಬಿಬಿಟ್ಟಿದ್ದ. ಹೆಣ್ಣು ಗಂಡನ ಬೆಡಗಿಗೆ ಹೋಗುತ್ತಾಳೆ, ಗಂಡು ಹುಟ್ಟಿದ ಬೆಡಗಿನಲ್ಲೇ ಉಳಿಯುತ್ತಾನೆ. ಅವನ ಮಟ್ಟಿಗೆ ಅಷ್ಟೇ. ಅದು ಬರೀ ನಾಯಿಯಾಗಿಯೇ ಉಳಿದಿದ್ದರೆ ಗಾಡಿಯ ಹಿಂದೆ ಓಡಿಕೊಂಡು ಹೋಗಬಹುದಿತ್ತು. ಯಾವ ಬೆಡಗಿಗೆ ಅದನ್ನು ಗೋಗರೆದು ಸೇರಿಸಿದಳೋ ಅದರಿಂದ ಅವಳೇ ಹೊರಗೆ ಬಂದಳು, ಅದು ಒಳಗೆ ಉಳಿಯಿತು. ಗಾಡಿ ಹೊರಟಾಗ ತಿಪ್ಪಯ್ಯ ಅದನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದುಕೊಂಡಿದ್ದ. ಅದು ಕೂಗಿದ್ದು ಕಾವಲು ಮುಗಿಯುವವರೆಗೂ ಅವಳಿಗೆ ಕೇಳಿಸಿತು.

ಗಂಡನ ಮನೆಯಲ್ಲಿ ಅತ್ತೆ ಕಾಟಮ್ಮನಿಗೆ ಅಳುವ ಸೊಸೆಯಂದಿರು ಆಗದು. "ಸಂಜೆ ಹೊತ್ತು ದೀಪದ ಮುಂದೆ ಕಣ್ಣೀರು ಹಾಕಿದರೆ ಮನೆಗೆ ಒಳ್ಳೇದಲ್ಲ" ಎಂದು ಗದರುವಳು. ಬೆಳಿಗ್ಗೆ ಅತ್ತರೆ ಕೆಲಸ ಕೆಡುತ್ತದೆ ಅನ್ನುವಳು. ಯರ್ರಮ್ಮ ಅಳುವುದನ್ನೇ ಬಿಟ್ಟಳು. ಮಾತೂ ಕಡಿಮೆಯಾಯಿತು. ವಾದವಂತೂ ಪೂರ್ತಿ ನಿಂತುಹೋಯಿತು.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ತವರಿನ ಹಟ್ಟಿಯ ಮಾರಯ್ಯ ಬಂದ. ಸಾವಿನ ಸುದ್ದಿ ತಂದವನು ಬೇಲಿ ದಾಟಬಾರದು, ನೀರು ಕುಡಿಯಬಾರದು. ಹಾಗೇ ಬಿಸಿಲಲ್ಲಿ ಹೊರಗೆ ನಿಂತ. ಕಾವಲಿನಿಂದ ಅಷ್ಟು ದೂರ ಅವನನ್ನು ನಡೆಸಿದ್ದು ದೊಡ್ಡಪಾಲಯ್ಯ. ಕುಲಸ್ಥ ಸತ್ತರೆ ಕೊಟ್ಟ ಹೆಣ್ಣುಮಕ್ಕಳಿಗೆ ಸುದ್ದಿ ಮುಟ್ಟಿಸಲೇಬೇಕು, ಅದರಲ್ಲಿ ಲೋಪವಾಗಕೂಡದು ಎಂದಿದ್ದನಂತೆ.

"ನಿಮ್ಮ ಸೊಸೆ ತವರ ಬೆಡಗಲ್ಲಿ ಸಾವಾಗೈತ್ರಿ" ಅಂದ ಮಾರಯ್ಯ.

"ಯಾರಪ್ಪಾ?" ಅಂದಳು ಕಾಟಮ್ಮ.

"ತಿಪ್ಪಯ್ಯನ ಮನೆ ಬೂದಯ್ಯ."

ಯರ್ರಮ್ಮ ಬಂದು ಬೇಲಿಯ ಬುಡದಲ್ಲಿ ಕೂತಳು. ತವರ ಸಾವಿಗೆ ಹೆಣ್ಣು ಎದೆ ಬಡಿದುಕೊಂಡು ಅಳಬೇಕು, ಅಳದಿದ್ದರೆ ಜನ ಆಡಿಕೊಳ್ಳುತ್ತಾರೆ, ಅದೂ ಪದ್ಧತಿಯೇ. ಬಂದ ದಿನದಿಂದ ಹಿಡಿದಿಟ್ಟಿದ್ದನ್ನೆಲ್ಲ ಅವಳು ಅವತ್ತು ಅತ್ತಳು. ಯಾರೂ ಗದರಲಿಲ್ಲ. ಕಾಟಮ್ಮ ಬಂದು ಪಕ್ಕದಲ್ಲಿ ಕೂತು, ಸೊಸೆಯ ತಲೆಯನ್ನು ಮೊದಲ ಸಲ ತನ್ನ ಮಡಿಲಿಗೆ ಎಳೆದುಕೊಂಡಳು.

"ನಿನ್ನ ಎತ್ತಿ ಆಡಿಸಿದೋನಾ?" ಎಂದು ಮೆಲ್ಲಗೆ ಕೇಳಿದಳು.

"ಹೂಂ ಅತ್ತೆ" ಅಂದಳು ಯರ್ರಮ್ಮ. "ಜೊತೇಲೇ ಬೆಳದ್ವಿ. ನನಗೆ ಬೀಳೋ ಏಟೆಲ್ಲ ಅವನೇ ತಿಂತಿದ್ದ."

"ಅಂಥೋನ್ನ ಒಂದು ಸಲನಾದ್ರೂ ಇಲ್ಲಿಗೆ ಕರಸ್ಬಾರ್ದಿತ್ತಾ, ತಾಯಿ? ಒಂದು ಹೊತ್ತು ಊಟಕ್ಕಿಕ್ಕಿ ಕಳಿಸ್ತಿದ್ದೆ."