ಬೀಜಕ್ಕೆ ಬಿಟ್ಟ ಸೋರೆ

ಸೋರೆಬಳ್ಳಿಯ ಹತ್ತಿರ ಮಾತಾಡುವಾಗ ನಮ್ಮಮ್ಮನ ದನಿ ಅರ್ಧ ಶ್ರುತಿ ಕೆಳಗಿಳಿಯುತ್ತದೆ. ಫೋನಿನಲ್ಲಿ ಮಾತಾಡಿದರೆ ಫೋನಿನ ಅಗತ್ಯವೇ ಇಲ್ಲವೆನಿಸುವಂತೆ ಕುಶಾಲನಗರದ ಚಿಕ್ಕಮ್ಮನನ್ನು ಮುಟ್ಟುವ, ನನ್ನನ್ನು ಎಬ್ಬಿಸುವಾಗ ತಗಡಿನ ಮೇಲೆ ಜಲ್ಲಿ ಸುರಿದಂತಿರುವ ಅದೇ ಕಂಠ, ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ ಕ್ಷಣ “ಏನಮ್ಮಾ, ನೀರು ಸಾಕಾ?” ಎಂದು ಮೃದುವಾಗಿಬಿಡುತ್ತದೆ. ಇಪ್ಪತ್ತಾರು ವರ್ಷಗಳಿಂದ ಮಗನ ಹುದ್ದೆಯಲ್ಲಿರುವ ನನಗೆ ಈ ದನಿಯ ಪ್ರಸಾದ ಒಮ್ಮೆಯೂ ಸಿಕ್ಕಿಲ್ಲ. ಪ್ರಾಯಶಃ ಅದಕ್ಕೆ ಕಾಯಿ ಬಿಡುವ ಅರ್ಹತೆ ಬೇಕು.

ದನಿಗಳ ವಿಚಾರದಲ್ಲಿ ನಾನು ಇಷ್ಟು ಸೂಕ್ಷ್ಮನಾಗಿರುವುದಕ್ಕೆ ಕಾರಣವುಂಟು. ವೃತ್ತಿಯಿಂದ ನಾನು ಸುಂಟಿಕೊಪ್ಪದ ಬಳಿಯ ಒಂದು ಎಸ್ಟೇಟಿನ ರೈಟರ್, ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಬರೆದು ಸಂಜೆ ಕೊಯ್ದ ಕಾಫಿಹಣ್ಣು ತೂಗಿಸುವವನು. ಪ್ರವೃತ್ತಿಯಿಂದ ಕಂಡವರ ಕಂಠ ಕದಿಯುವ ಚೋರ. ಒಮ್ಮೆ ಹಣ್ಣು ಕೊಯ್ಯುವ ನಡುವೆ ಚಹಾಕ್ಕೆ ಕೂತವರ ಹಿಂದೆ, ಗಿಡದ ಮರೆಯಿಂದ ಮ್ಯಾನೇಜರರ ಕೆಮ್ಮನ್ನು ಕೆಮ್ಮಿದೆ. ಇಡೀ ಸಾಲು ಲೋಟ ಚೆಲ್ಲಿ ಎದ್ದು ನಿಂತಿತು. ಹತ್ತು ನಿಮಿಷದ ಮೇಲೆ ಸಾಕ್ಷಾತ್ ಮ್ಯಾನೇಜರರೇ ಬಂದು ಕೆಮ್ಮಿದಾಗ ಒಬ್ಬರೂ ಅಲುಗಾಡಲಿಲ್ಲ, “ಸಾಕು ರೈಟರೇ ನಿಮ್ಮ ಬಣ್ಣ!” ಎಂದು ಯಾರೋ ಗದರಿದರಂತೆ. ಅನಂತರ ನನಗೆ ಬಿದ್ದ ಬೈಗುಳವನ್ನು ಸ್ವರ ತಪ್ಪದೆ ಇವತ್ತಿಗೂ ಒಪ್ಪಿಸಬಲ್ಲೆ.

ಇಂಥ ಪ್ರತಿಭೆ ಮನೆಯಲ್ಲಿ ಸುಮ್ಮನಿರುತ್ತದೆಯೇ? ಅದು ಕೈಕೊಟ್ಟ ಕಥೆಯನ್ನೇ ನಿಮಗೆ ಹೇಳಬೇಕಾಗಿರುವುದು.

ನಮ್ಮ ಹಿತ್ತಿಲ ಸೋರೆ ಸಾಮಾನ್ಯದ್ದಲ್ಲ. ಅಜ್ಜಿ ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆಸುವಾಗ ಅರಿಶಿನದ ಡಬ್ಬಿಯಲ್ಲಿ ಇಟ್ಟು ತಂದ ಬೀಜದ ವಂಶ ಅದು. ಗುಂಡುಹೊಟ್ಟೆ, ಗಿಡ್ಡ ಕತ್ತು, ಬಲಿತರೂ ಕಹಿಯಾಗದ ತಿರುಳು. ಪ್ರತಿವರ್ಷ ಬಳ್ಳಿಯ ಅತ್ಯುತ್ತಮ ಕಾಯಿಯೊಂದನ್ನು ಬೀಜಕ್ಕೆಂದು ಬಿಟ್ಟು, ಅದರ ಕತ್ತಿಗೆ ಹಳೆ ಸೀರೆಯ ಕೆಂಪು ಚೂರು ಕಟ್ಟುತ್ತಾರೆ. ಕಟ್ಟಿದ ಮೇಲೆ ಅದು ತರಕಾರಿಯಲ್ಲ, ಮನೆಯ ಹಿರಿಯರು. ಉಗುರಿಗೆ ಜಗ್ಗದಷ್ಟು ಸಿಪ್ಪೆ ಗಟ್ಟಿಯಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ ಯಾರೂ ಮುಟ್ಟುವಂತಿಲ್ಲ. ಹೋದ ವರ್ಷ ಮಂಗಗಳು ಉಳಿದ ಕಾಯಿಗಳನ್ನೆಲ್ಲ ಮುಗಿಸಿ, ಕೆಂಪು ಚೂರಿನದೊಂದೇ ಉಳಿದಿತ್ತು. ಹಳೆಯ ಬೀಜಕ್ಕೆ ಹುಳು ಬಿದ್ದಿತ್ತು. ಅಂದರೆ ಅಜ್ಜಿಯ ವಂಶವೆಲ್ಲ ಆ ಒಂದೇ ಹೊಟ್ಟೆಯಲ್ಲಿತ್ತು. “ಶಿವರಾತ್ರಿ ಹೊತ್ತಿಗೆ ಬೀಜ ಬಲಿಯುತ್ತೆ, ಇನ್ನು ಮೂರು ವಾರ. ಇದಕ್ಕೇನಾದ್ರೂ ಆದ್ರೆ ನೋಡು,” ಎಂದಿದ್ದಳು ಅಮ್ಮ, ನನ್ನನ್ನೇ ನೋಡುತ್ತ, ಮಂಗಗಳಿಗೂ ನನಗೂ ಅವಳು ಹೆಚ್ಚಿನ ಭೇದವೆಣಿಸುವುದಿಲ್ಲ.

ದಾಸವಾಳದ ಬೇಲಿಯಾಚೆ, ಬಸ್ಸು ನಿಲ್ಲುವ ತಿರುವಿನಲ್ಲಿ, ಜಾನಕಿ ಚೇಚಿಯ ಮನೆ. ಮನೆಮಾತು ಮಲಯಾಳ (ನಾನು ಅವರನ್ನು ಕರೆಯುವ ಚೇಚಿ ಎಂದರೆ ಅಕ್ಕ, ಅವರು ನನ್ನನ್ನು ಕರೆಯುವ ಮೋನೇ ಎಂದರೆ ಮಗನೇ), ಕೋಪ ಮಾತ್ರ ಅಚ್ಚಕನ್ನಡ. ಆ ಹೊತ್ತಿಗೆ ಎರಡು ಮಳೆಗಾಲದ ಹಿಂದೆ ಚೇಚಿಯ ಕೋಳಿಗಳು ಅಮ್ಮನ ಬೀನ್ಸ್ ಮಡಿ ಕೆದರಿದಂದಿನಿಂದ ಇಬ್ಬರಿಗೂ ನೇರ ಮಾತಿರಲಿಲ್ಲ. ರಾಜತಾಂತ್ರಿಕ ಸಂಪರ್ಕವೆಲ್ಲ ಪ್ರಾಣಿಗಳ ಮುಖಾಂತರ. “ನಿಮ್ಮನೆಯವ್ರು ನಿಂಗೆ ಬುದ್ಧಿ ಕಲಿಸ್ಲಿಲ್ವಾ?” ಎಂದು ಅಮ್ಮ ಕೋಳಿಗೆ ಕೇಳಿದರೆ, ಆಚೆಯಿಂದ ಚೇಚಿ ತನ್ನ ಹಸುವಿಗೆ, “ಕೆಲವರಿಗೆ ಬೀನ್ಸೇ ದೊಡ್ಡದು, ಅಲ್ವಾ?” ಎನ್ನುತ್ತಿದ್ದರು. ಅದಕ್ಕೂ ಮೊದಲು ಚೇಚಿ ನಾಲ್ಕು ಸೋರೆಬೀಜ ಕೇಳಿ ಕೇಳಿ ಸಾಕಾಗಿದ್ದರು. ಅಮ್ಮ ಕೊಟ್ಟಿರಲಿಲ್ಲ.

ಆ ಭಾನುವಾರ ಅಮ್ಮ ಒಂಬತ್ತೂವರೆ ಬಸ್ಸಿಗೆ ಚಿಕ್ಕಮ್ಮನ ಮನೆಗೆ ಹೋದಳು. ನಾನು ಕಾಫಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಕೋಳಿ ಅಟ್ಟಿಕೊಂಡು ಬೇಲಿಯ ಸಂದಿಯಿಂದ ಬಂದ ಚೇಚಿ ಸೋರೆಯ ಚಪ್ಪರದಡಿ ನಿಂತು, ಕೆಂಪು ಚೂರನ್ನು ಎರಡು ಬೆರಳಲ್ಲಿ ಎತ್ತಿ ಕಾಯಿಯನ್ನು ನೋಡುತ್ತಿದ್ದರು. ಇಂಥ ಅವಕಾಶವನ್ನು ಬಿಟ್ಟರೆ ನಾನು ಕಲಾವಿದನೆ? ಬೆಚ್ಚಿ ಓಡಲಿ ಎಂದು, ಅಮ್ಮನ ಫೋನಿನ ದನಿಯಲ್ಲಿ ಒಳಗಿಂದಲೇ ಸಿಡಿಸಿದೆ:

“ಏನ್ ಜಾನಕೀ, ಅಷ್ಟೊಂದು ನೋಡ್ತಿದ್ದೀಯ? ಬೇಕಿದ್ರೆ ಕಿತ್ಕೊಂಡು ಹೋಗು!”

ಚೇಚಿ ಬೆಚ್ಚಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯ ಕಡೆಗೇ ನೋಡಿದರು. ಅನಂತರ, “ಆಯ್ತು ಅಕ್ಕ,” ಎಂದರು.

ಲಟಕ್.

ತೊಟ್ಟು ಮುರಿದ ಆ ಸದ್ದನ್ನು ಮಾತ್ರ ನಾನು ಈವರೆಗೆ ಅನುಕರಿಸಿಲ್ಲ.

ಕಾಫಿ ಚೆಲ್ಲಿದ್ದು ತಿಳಿಯದೆ, ಏನು ನೆಪ ಹೇಳಲೆಂದು ಅಡುಗೆಮನೆಯಲ್ಲೇ ನಾಲ್ಕು ಸುತ್ತು ಹಾಕಿ ಓಡಿದೆ. ನಾನು ಬೇಲಿ ದಾಟುವಷ್ಟರಲ್ಲಿ ಚೇಚಿಯ ಅಡುಗೆಮನೆಯಿಂದ ಕತ್ತಿಯ ಸದ್ದು, ಟಕ್ ಟಕ್ ಟಕ್. ಒಂದೊಂದು ಏಟಿಗೂ ಅಜ್ಜಿಯ ಒಂದೊಂದು ತಲೆಮಾರು ತುಂಡಾದಂತೆನಿಸಿ ಒಳಗೆ ನುಗ್ಗಿದರೆ, ಮಣೆಯ ಮೇಲಿದ್ದದ್ದು ಮರಗೆಣಸು. ಸೋರೆ ಆಗಲೇ, ಹೊಗೆಗೆ ಒಣಗಲೆಂದು, ಒಲೆಯ ಮೇಲಿನ ಅಟ್ಟದಿಂದ ಹಗ್ಗದಲ್ಲಿ ತೂಗುತ್ತಿತ್ತು, ಕೆಂಪು ಚೂರಿನ ಸಮೇತ.

“ಚೇಚೀ, ಆ ಕಾಯಿ...”

“ನೋಡು ಮೋನೇ, ಎರಡು ವರ್ಷ ಆದ್ಮೇಲೆ ಅಕ್ಕ ನನ್ನ ಹೆಸರು ಕರೆದ್ರು,” ಎಂದರು ಚೇಚಿ, ಗೆಣಸಿನಿಂದ ಕಣ್ಣೆತ್ತದೆ. “ಬೀಜನೂ ಕೊಟ್ರು.”

ಎಷ್ಟೋ ದನಿಗಳನ್ನು ಬಲ್ಲ ನಾನು ಆಗ ಒಂದನ್ನಾದರೂ ತೆಗೆಯಬೇಕಿತ್ತು. ‘ಅದು ನಾನು’ ಎಂಬ ಎರಡು ಶಬ್ದಕ್ಕೆ ಬೇಕಾದದ್ದು ನನ್ನದೇ ದನಿ, ಅದೇ ಬರಲಿಲ್ಲ. “ವಾಪಸ್...” ಎಂದು ತೊದಲಿದ್ದಕ್ಕೆ, “ಅಕ್ಕ ಕೊಟ್ಟದ್ದು. ಅಕ್ಕನೇ ಬಂದು ಕೇಳ್ಲಿ,” ಎಂದು ಚೇಚಿ ಮುಂದಿನ ಗೆಣಸು ಎತ್ತಿಕೊಂಡರು.

ಅಮ್ಮ ಬರುವುದು ಐದರ ಬಸ್ಸಿಗೆ. ಹತಾಶ ಪ್ರತಿಭೆ ಏನೇನು ಮಾಡುತ್ತದೆ ಕೇಳಿ: ಸುಂಟಿಕೊಪ್ಪದ ಅಂಗಡಿಯಿಂದ ಒಂದು ಸೋರೆಕಾಯಿ ತಂದು, ಬಾಳೆನಾರಿನಿಂದ ಬಳ್ಳಿಗೆ ಕಟ್ಟಿ, ನನ್ನ ಕೆಂಪು ಕರವಸ್ತ್ರವನ್ನು ಅದರ ಕತ್ತಿಗೆ ಸುತ್ತಿದೆ. ಮೂಲ ಕಾಯಿ ಗುಂಡಗೆ. ಇದೋ ಲಾಠಿಯಂತೆ ಉದ್ದಕ್ಕೆ, ಎಳೆಹಸಿರಾಗಿ, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಪೇದೆಯ ಹಾಗೆ ನೇತಾಡಿತು. ನಾಲ್ಕು ಗಂಟೆಗೆ ಅದನ್ನು ದೂರದಿಂದ ನೋಡಿದೆ. ನಾಲ್ಕೂವರೆಗೆ ಕಣ್ಣು ಅರೆಮುಚ್ಚಿ ನೋಡಿದೆ. ಯಾವ ಕೋನದಿಂದಲೂ ಅದು ಅಜ್ಜಿಯಾಗಲಿಲ್ಲ.

ಐದಕ್ಕೆ ಬಸ್ಸಿಳಿದ ಅಮ್ಮ ಚಪ್ಪಲಿಯನ್ನೂ ಬಿಡದೆ ನೇರ ಚಪ್ಪರಕ್ಕೆ ನಡೆದಳು. ನಾನು ಅರ್ಧ ಶ್ರುತಿ ಇಳಿದ ಆ ದನಿಗಾಗಿ ಕಾದೆ. ಬರಲಿಲ್ಲ. ಕರವಸ್ತ್ರವನ್ನು ಮುಟ್ಟಿದ ಅವಳ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಬೇಲಿಯ ಸಂದಿಯಲ್ಲಿ ಚೇಚಿ, ಕೈಯಲ್ಲಿ ಬೇಯಿಸಿದ ಗೆಣಸಿನ ಪಾತ್ರೆ.

“ಅಕ್ಕ, ಬೆಳಿಗ್ಗೆ ನೀವು ಕಾಯಿ ಕಿತ್ಕೊಂಡು ಹೋಗು ಅಂದ್ರಲ್ಲ. ಒಡೆದಿಲ್ಲ, ಒಲೆ ಮೇಲೆ ಕಟ್ಟಿದ್ದೇನೆ. ಇದು ನಿಮಗೆ.”

ಅಮ್ಮ ಚೇಚಿಯನ್ನು ನೋಡಿದಳು. ಲಾಠಿಯನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಎಸ್ಟೇಟಿನ ಮ್ಯಾನೇಜರರ ನೋಟ ಇದರ ಮುಂದೆ ಆಶೀರ್ವಾದ. ಎರಡು ವರ್ಷದ ಬೀನ್ಸೂ ಅಜ್ಜಿಯ ಸೋರೆಯೂ ಒಟ್ಟಿಗೆ ತಕ್ಕಡಿಗೆ ಏರಿದ್ದು ನನಗೆ ಕಾಣುತ್ತಿತ್ತು.

“ಹೌದು ಜಾನಕಿ,” ಎಂದಳು ಅಮ್ಮ. “ನಾನೇ ಹೇಳಿದ್ದು. ಶಿವರಾತ್ರಿವರೆಗೂ ಒಡೀಬೇಡ.” ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಒಡೆಯುವಾಗ ನನ್ನ ಕರಿ,” ಎಂದಳು.

ಚೇಚಿ ಹೋದ ಮೇಲೆ ಬಾಳೆನಾರು ಬಿಚ್ಚಿ ಲಾಠಿಯನ್ನು ನನ್ನ ಕೈಗಿಟ್ಟಳು. “ಸಾಂಬಾರಿಗೆ ಹೆಚ್ಚು. ದನಿ ಮಾಡ್ಬೇಡ.”

ಶಿವರಾತ್ರಿ ಕಳೆದು ಚೇಚಿಯ ಜಗಲಿಯಲ್ಲಿ ಕಾಯಿ ಒಡೆದರು. ಎರಡು ತಲೆಗಳು ಒಂದೇ ಸೋರೆಯೊಳಗೆ ಬಗ್ಗಿದವು. ಅರ್ಧದಷ್ಟು ಜೊಳ್ಳು; ಉಳಿದದ್ದು ಗಟ್ಟಿ. ಬೂದಿ ಬೆರೆಸಿ ಸರಿಪಾಲು ಮಾಡಿಕೊಂಡರು. ಈ ವರ್ಷ ಬೇಲಿಯ ಎರಡೂ ಕಡೆ ಬಳ್ಳಿಯಿದೆ. ಎಲ್ಲಿಯದು ಯಾರದೆಂದು ಬಳ್ಳಿಗೂ ತಿಳಿಯದಂತೆ ದಾಸವಾಳದ ಮೇಲೆ ಹೆಣೆದುಕೊಂಡಿದೆ.

ಕಳೆದ ವಾರ ಅಮ್ಮ ಮತ್ತೆ ಚಿಕ್ಕಮ್ಮನ ಮನೆಗೆ ಹೋದಾಗ, ಕಲಿತ ಚಾಳಿ ನೋಡಿ, ಅಡುಗೆಮನೆಯಿಂದ ಬಳ್ಳಿಯ ದನಿಯನ್ನೇ ಪ್ರಯತ್ನಿಸಿದೆ: “ಏನಮ್ಮಾ ಜಾನಕೀ, ನೀರು ಸಾಕಾ?”

“ಸಾಕು ಮೋನೇ,” ಎಂದರು ಚೇಚಿ ಬೇಲಿಯಾಚೆಯಿಂದ. “ಅಕ್ಕ ಒಂಬತ್ತೂವರೆ ಬಸ್ಸು ಹತ್ತಿದ್ದು ನಾನು ನೋಡಿದ್ದೇನೆ. ನಮ್ಮ ಜಗಲಿ ಮುಂದೆ ಅಲ್ವಾ ಬಸ್ಸು ನಿಲ್ಲೋದು?”

ಆವತ್ತೂ ಅದೇ ಬಸ್ಸು. ಅದೇ ಜಗಲಿ.

“ಚೇಚೀ, ಹಾಗಾದ್ರೆ ಆವತ್ತು...?”

ಚೇಚಿ ತಮ್ಮ ಕಡೆಯ ಬುಡಕ್ಕೆ ಬಗ್ಗಿ ಚೊಂಬಿನ ನೀರು ಸುರಿದು, ‘ಸಾಕಾ’ ಎಂಬ ಅದೇ ಪ್ರಶ್ನೆಯನ್ನು ತಮ್ಮ ಮಲಯಾಳದಲ್ಲಿ ಬಳ್ಳಿಗೆ ಕೇಳಿದರು, ಅರ್ಧ ಶ್ರುತಿ ಕೆಳಗೆ.